ಬೆವರಲ್ಲೂ ರಿಪೋರ್ಟು
ಅಕ್ಟೋಬರ್ ಸೆಖೆ ಮುಂಬೈನೋರಿಗೆ ಹೇಳೋದೇ ಬೇಡ, ದಾದರ್‌ನಲ್ಲಿ ಸ್ಲೋ ಲೋಕಲ್ ಹತ್ತಿದ್ರೆ ಮಾಟುಂಗಾ ಬರೋದ್ರೊಳಗೆ ಶರ್ಟು ಬೆನ್ನಿಗಂಟಿರುತ್ತೆ, ಆಮೇಲೆ ಒಣಗಿದ ಮೇಲೆ ಕಾಲರ್ ಸುತ್ತ ಬೆಳ್ಳಗೆ ಉಪ್ಪಿನ ಗೆರೆ. ಈ ಉಪ್ಪನ್ನೇ ಲೆಕ್ಕ ಹಾಕೋ ಪ್ಯಾಚ್ ಇದ್ಯಂತೆ ಮಾರಾಯ್ರೆ! ಆಟಗಾರರು ಕುಡಿಯೋ ಡ್ರಿಂಕ್ ಮಾಡೋ ಗೇಟೊರೇಡ್‌ನೋರು 2021ರಲ್ಲೇ ಅಮೆರಿಕದಲ್ಲಿ ಬಿಟ್ಟಿದ್ದಾರೆ, ಕೈಗೆ ಅಂಟಿಸ್ಕೊಂಡು ಓಡಿದ್ರೆ ಕೂದಲೆಳೆಯಂಥ ಕಾಲುವೆಗಳಲ್ಲಿ ಬೆವರು ಹರಿದು ಬಣ್ಣ ಬರುತ್ತೆ, ಫೋನಲ್ಲಿ ಫೋಟೋ ಹೊಡೆದ್ರೆ ನೀರೆಷ್ಟು ಹೋಯ್ತು ಸೋಡಿಯಂ ಎಷ್ಟು ಹೋಯ್ತು ಅಂತ ಆಪ್ ಹೇಳುತ್ತೆ.

ಹಾಗಂತ ಬೆವರು ಟೆಸ್ಟ್ ಮಾಡೋದೇನು ಹೊಸದಲ್ಲ, ಸಿಸ್ಟಿಕ್ ಫೈಬ್ರೋಸಿಸ್ ಅಂತ ಹುಟ್ಟಿನಿಂದಲೇ ಬರೋ ಶ್ವಾಸಕೋಶದ ಕಾಯಿಲೆ ಇರೋ ಮಕ್ಕಳ ಬೆವರಲ್ಲಿ ಉಪ್ಪು ಜಾಸ್ತಿ ಇರುತ್ತೆ, ಅದನ್ನ ಕಂಡುಹಿಡಿಯೋ ಟೆಸ್ಟು 1959ರಿಂದ ಇದೆ.

ಅಮ್ಮಂದು ಒಂದೇ ಪ್ರಶ್ನೆ, ಶುಗರ್ ನೋಡೋಕಾಗುತ್ತಾ, ಬೆರಳು ಚುಚ್ಚೋದು ತಪ್ಪುತ್ತಾ ಅಂತ. ಇನ್ನೂ ಇಲ್ಲ ಅಮ್ಮ, ರಕ್ತಕ್ಕೆ ಹೋಲಿಸಿದ್ರೆ ಬೆವರಲ್ಲಿ ಗ್ಲೂಕೋಸ್ ತೀರಾ ಕಮ್ಮಿ, ಚರ್ಮದ ಮೇಲಿನ ಕೊಳೆ ಸೇರಿದ್ರೂ ಲೆಕ್ಕ ತಪ್ಪುತ್ತೆ. ನನ್ನ ಕೇಳಿದ್ರೆ ಜಿಮ್‌ನೋರಿಗಿಂತ ಮೊದಲು ಮಸ್ಜಿದ್ ಬಂದರ್‌ನಲ್ಲಿ ಕೈಗಾಡಿ ಎಳೆಯೋರಿಗೆ ಬೇಕು ಇದು, ಆದ್ರೆ ಅವರಿಗೆ ಕೊಡೋರ್ಯಾರು. ಜನವರಿ ಮ್ಯಾರಥಾನ್‌ಗೆ ರೆಡಿಯಾಗ್ತಿರೋರು ಯಾರಾದ್ರೂ ಹಚ್ಕೊಂಡು ನೋಡಿದ್ರೆ ನಮ್ಮ ಈ ಜಿಗುಟು ಹವೆಗೆ ಅದು ಚರ್ಮಕ್ಕೆ ಅಂಟಿ ನಿಲ್ಲುತ್ತಾ ಹೇಳಿ.