ಒಂದು ಬಿಳಿ ಕಾಲೊನಿಯ ಬೆನ್ನು ಹತ್ತಿ

ನರ್ಸಿಂಗ್ ಮೊದಲ ವರ್ಷದವರಿಗೆ ಮೈಕ್ರೋಬಯಾಲಜಿ ಹೇಳಿಕೊಡುವಾಗ ಪ್ರತಿ ವರ್ಷ ನನಗೆ ಒಂದೇ ತಲೆನೋವು. ಬ್ಯಾಕ್ಟೀರಿಯಾಗಳ ಹೆಸರನ್ನು ಗಿಣಿಪಾಠದ ಹಾಗೆ ಒಪ್ಪಿಸುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಈ ಸಲ ಹೆಸರಿನ ಪಟ್ಟಿ ಪಕ್ಕಕ್ಕಿಟ್ಟೆ. ಒಂದೇ ಬ್ಯಾಕ್ಟೀರಿಯಾವನ್ನು ಅವರ ಬೆರಳಿನಿಂದ ರೋಗಿಯ ರಕ್ತದ ಬಾಟಲಿವರೆಗೆ ಹಿಂಬಾಲಿಸುವುದು, ಅಷ್ಟೇ ಯೋಜನೆ.

ವಾರ 1

24 ಜನ, ಒಬ್ಬೊಬ್ಬರಿಗೆ ಒಂದು ಅಗರ್ ಪ್ಲೇಟ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ತಟ್ಟೆ. ಒಂದರ್ಧಕ್ಕೆ ತೊಳೆಯದ ಬೆರಳು ಒತ್ತಬೇಕು, ಇನ್ನರ್ಧಕ್ಕೆ ಸೋಪಿನಲ್ಲಿ ತೊಳೆದ ಬೆರಳು. ಟೇಪ್ ಸುತ್ತಿ 37 ಡಿಗ್ರಿಯಲ್ಲಿ ಇಟ್ಟೆವು.

ಮರುದಿನ ನೋಡಿದರೆ ಸುಮಾರು ಅರ್ಧ ಪ್ಲೇಟುಗಳಲ್ಲಿ ತೊಳೆದ ಕಡೆಯೇ ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆ) ಜಾಸ್ತಿ! "ಹಾಗಾದ್ರೆ ಕೈ ತೊಳೆಯೋದೇ ಬೇಡ ಅಲ್ವಾ ಮೇಡಂ?" ಅಂತ ಹಿಂದಿನ ಬೆಂಚಿನಿಂದ ಒಂದು ದನಿ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮೊದಲೇ ಒಮ್ಮೆ ಮಾಡಿ ನೋಡದೆ ಕ್ಲಾಸಿಗೆ ತಂದಿದ್ದು ನನ್ನದೇ ತಪ್ಪು.

ಆದರೆ ಪಾಠ ಅಲ್ಲೇ ಸಿಕ್ಕಿತು. ಚರ್ಮದ ಮೇಲೆ ಎರಡು ಬಗೆಯವು ಇರುತ್ತವೆ. ಕೆಲವು ರೋಗಿಯನ್ನೋ ಹಾಸಿಗೆಯನ್ನೋ ಮುಟ್ಟಿದಾಗ ಅಂಟಿಕೊಂಡು ಬಂದವು, ಅತಿಥಿಗಳು. ಅವು ಸೋಪಿಗೆ ಹೋಗುತ್ತವೆ. ಇನ್ನು ಕೆಲವು ಚರ್ಮದ ಪದರದಲ್ಲಿ, ಕೂದಲಿನ ಬುಡದಲ್ಲಿ ಮನೆ ಮಾಡಿಕೊಂಡವು. ನೀರು ಹಾಕಿ ಉಜ್ಜಿದಾಗ ಚರ್ಮದ ಹೊಟ್ಟಿನ ಜೊತೆ ಅವು ಮೇಲೆ ಬರುತ್ತವೆ. ಕಾಲೊನಿ ಎಣಿಸಿದರೆ ಯಾರು ಹೋದರು, ಯಾರು ಉಳಿದರು ಅಂತ ತಿಳಿಯುವುದಿಲ್ಲ.

ಆಲ್ಕೋಹಾಲ್ ಹ್ಯಾಂಡ್ ರಬ್ ಹಾಕಿ, 20–30 ಸೆಕೆಂಡ್, ಪೂರ್ತಿ ಒಣಗುವ ತನಕ ಉಜ್ಜಿಸಿ ಮತ್ತೆ ಮಾಡಿಸಿದೆ. ಕಾಲೊನಿ ತುಂಬಾ ಇಳಿಯಿತು. ಆದರೆ ಆಲ್ಕೋಹಾಲೇ ಸರ್ವರೋಗಕ್ಕೂ ಮದ್ದು ಅಂದುಕೊಂಡಾರು ಅಂತ ಕೂಡಲೇ ಇನ್ನೊಂದು ಮಾತು ಸೇರಿಸಬೇಕಾಯಿತು: ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬ್ಯಾಕ್ಟೀರಿಯಾದ ಸ್ಪೋರ್ (ಗಟ್ಟಿ ಕವಚದ ಸುಪ್ತ ರೂಪ) ಆಲ್ಕೋಹಾಲಿಗೆ ಸಾಯುವುದಿಲ್ಲ. ಅಲ್ಲಿ ಸೋಪು, ನೀರೇ ಬೇಕು.

ವಾರ 2

ರಜೆ. ಪ್ಲೇಟುಗಳನ್ನು ತೆರೆಯದೆಯೇ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ) ಬಿಸಾಡಿದ್ದಷ್ಟೇ ಕೆಲಸ.

ವಾರ 3

ಗ್ರಾಮ್ ಸ್ಟೇನ್. ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ, ಗೋಡೆ ದಪ್ಪ ಇದ್ದರೆ ನೇರಳೆ, ತೆಳು ಇದ್ದರೆ ಗುಲಾಬಿ ಅಂತ ಬೇರ್ಪಡಿಸುವುದು. 1884ರಲ್ಲಿ ಹಾನ್ಸ್ ಕ್ರಿಸ್ಟಿಯನ್ ಗ್ರಾಮ್ ಪ್ರಕಟಿಸಿದ ವಿಧಾನ, ಇವತ್ತಿಗೂ ಲ್ಯಾಬಿನ ಮೊದಲ ಕೆಲಸ. ಕೈಯಿಂದ ಬಂದ ಪ್ಲೇಟಿನಲ್ಲಿ ಏನಿದೆಯೋ ಗೊತ್ತಿಲ್ಲವಲ್ಲ, ಅದಕ್ಕೇ ಸ್ಟಾಕಿನಲ್ಲಿದ್ದ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಕೊಟ್ಟೆ. ಚರ್ಮದ ಖಾಯಂ ನಿವಾಸಿ, ಬಿಳಿ ಕಾಲೊನಿ.

ನೇರಳೆ ಬಣ್ಣದ ದ್ರಾಕ್ಷಿ ಗೊಂಚಲು ಕಾಣಬೇಕಿತ್ತು. ಅರ್ಧ ಸ್ಲೈಡುಗಳು ಗುಲಾಬಿ! ಕೆಲವರು ಬಣ್ಣ ತೊಳೆಯುವ ಆಲ್ಕೋಹಾಲನ್ನು ಧಾರಾಳವಾಗಿ ಸುರಿದಿದ್ದರು. ದಪ್ಪ ಗೋಡೆ ನೇರಳೆ ಬಣ್ಣವಾದ ಕ್ರಿಸ್ಟಲ್ ವಯೊಲೆಟ್ ಮತ್ತು ಅಯೋಡಿನ್‌ನ ಜೋಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ನಿಜ, ಆದರೆ ಹೊತ್ತು ಮೀರಿದರೆ ಅದೂ ಕೈಬಿಡುತ್ತದೆ. ಇಳಿಯುವ ಹನಿಯಲ್ಲಿ ಬಣ್ಣ ನಿಂತ ತಕ್ಷಣ ನೀರು ಹಾಕಬೇಕು.

ಒಂದು ಗುಂಪು ಮಾತ್ರ ಎಲ್ಲ ಸರಿಯಾಗಿ ಮಾಡಿಯೂ ಗುಲಾಬಿ ತೋರಿಸಿತು. ಹುಡುಕಿದರೆ ಅವರಿಗೆ ನಾನು ಕೊಟ್ಟ ಕಲ್ಚರ್ (ಬೆಳೆಸಿಟ್ಟ ಬ್ಯಾಕ್ಟೀರಿಯಾ) ನಾಲ್ಕು ದಿನ ಹಳೆಯದು. ಹಳೆಯ ಕೋಶಗಳ ಗೋಡೆ ಸಡಿಲವಾಗಿ ನೇರಳೆ ಉಳಿಯುವುದಿಲ್ಲ. ಹಿಂದಿನ ದಿನ ಬೆಳೆಸಿದ ಕಲ್ಚರಿನಲ್ಲಿ ಗೊಂಚಲು ಚೆನ್ನಾಗಿ ಕಂಡಿತು. ಆ ಗುಂಪಿಗೆ ಸಾರಿ ಕೇಳಿದೆ.

ವಾರ 4 ಮತ್ತು 5

ಈಗ ಅದೇ ಗೊಂಚಲು ಬ್ಲಡ್ ಕಲ್ಚರ್ ಬಾಟಲಿಯಲ್ಲಿ (ರೋಗಿಯ ರಕ್ತ ಹಾಕಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಅಂತ ನೋಡುವ ಬಾಟಲಿ) ಕಂಡಿತು ಅಂದುಕೊಳ್ಳಿ ಅಂದೆ. ರೋಗಿಯ ರಕ್ತದಲ್ಲಿ ಇತ್ತೋ, ಸೂಜಿ ಚುಚ್ಚುವಾಗ ಚರ್ಮದಿಂದ ಹೋಯಿತೋ? ಎರಡು ಬೇರೆ ಜಾಗದಿಂದ ರಕ್ತ ತೆಗೆಯುವುದು ಇದಕ್ಕೇ. ಒಂದರಲ್ಲಿ ಮಾತ್ರ ಬೆಳೆದರೆ ಚರ್ಮದ ಮೇಲೆ ಅನುಮಾನ. ಆದರೆ ರೋಗಿಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿಟ್ಟ ಕೊಳವೆ) ಇದ್ದರೆ ಅದೇ ನಿಜವಾದ ಸೋಂಕೂ ಆಗಿರಬಹುದು. ತಪ್ಪು ತಿಳಿದರೆ ಬೇಡದ ಆಂಟಿಬಯೋಟಿಕ್, ಬೇಡದ ಆಸ್ಪತ್ರೆವಾಸ. ಕ್ಲಾಸು ಇಷ್ಟು ಗಪ್‌ಚಿಪ್ ಆಗಿದ್ದು ನಾನು ನೋಡಿದ್ದು ಕಡಿಮೆ.

ಆಮೇಲೆ ರಬ್ಬರ್ ತೋಳಿನ ಮೇಲೆ ಅಭ್ಯಾಸ. ಅವರ ಗ್ಲೌಸಿನ ಬೆರಳ ತುದಿಗೆ ಯುವಿ ಬೆಳಕಿನಲ್ಲಿ ಹೊಳೆಯುವ ಪುಡಿ ಹಚ್ಚಿಸಿದೆ, ಯಾಕೆ ಅಂತ ಹೇಳಲಿಲ್ಲ. ಎಲ್ಲರೂ ಜಾಗ ಚೆನ್ನಾಗಿ ಒರೆಸಿದರು. ಒರೆಸಿದ ಮೇಲೆ ರಕ್ತನಾಳ ಎಲ್ಲಿದೆ ಅಂತ ಮತ್ತೆ ಬೆರಳಿಟ್ಟು ನೋಡಿದರು! ದೀಪ ಆರಿಸಿ ಯುವಿ ಹಾಕಿದರೆ 24ರಲ್ಲಿ 15 ತೋಳುಗಳ ಮೇಲೆ, ಸೂಜಿ ಚುಚ್ಚುವ ಜಾಗದಲ್ಲೇ ಹೊಳಪು. ಬಾಟಲಿಯ ಮುಚ್ಚಳ ತೆಗೆದ ಮೇಲೆ ರಬ್ಬರ್ ತುದಿಯನ್ನು ಆಲ್ಕೋಹಾಲಿನಿಂದ ಒರೆಸಿದವರು ಮೂವರು ಮಾತ್ರ.

ಮರುವಾರ ಮತ್ತೆ ಮಾಡಿಸಿದಾಗ 15 ಹೋಗಿ 4 ಆಯಿತು. ಒಬ್ಬಳು ಮುಟ್ಟಿದ್ದು ತಾನೇ ಗಮನಿಸಿ, ಸೂಜಿ ಕೆಳಗಿಟ್ಟು, ಮೊದಲಿಂದ ಒರೆಸಿ, ಒಣಗಲಿ ಅಂತ ಕಾದಳು.

ಮುಂದೆ

ಮೂತ್ರದ ಸ್ಯಾಂಪಲ್. ಎಲ್ಲ ಅನುಕೂಲ ಇದ್ದರೆ ಇ. ಕೋಲೈ (ಮೂತ್ರದ ಸೋಂಕಿನಲ್ಲಿ ಹೆಚ್ಚಾಗಿ ಸಿಗುವ ಬ್ಯಾಕ್ಟೀರಿಯಾ) ಸುಮಾರು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ, ಅಂದರೆ 2 ಗಂಟೆಯಲ್ಲಿ ಒಂದು 64. ಬಾಟಲಿಯಲ್ಲಿ ಅಷ್ಟು ವೇಗ ಇರಲಿಕ್ಕಿಲ್ಲ, ಆದರೂ ಮೇಜಿನ ಮೇಲೆ ಮರೆತರೆ ಬ್ಯಾಕ್ಟೀರಿಯಾದ ಲೆಕ್ಕ ಕೆಡುತ್ತದೆ. ಒಂದು ಫ್ರಿಜ್ಜಿನಲ್ಲಿ, ಒಂದು ಹೊರಗೆ ಇಟ್ಟು ತೋರಿಸಬೇಕು. ಈ ಸಲ ಶನಿವಾರ ನಾನೊಬ್ಬಳೇ ಮೊದಲು ಮಾಡಿ ನೋಡುತ್ತೇನೆ.