ಕಾಕಾನ 81

ಇವತ್ತು ವಿಜಯಪುರದ ಗಾಂಧಿ ಚೌಕದಲ್ಲಿ ಚಹಾ ಕುಡಿಯುವಾಗ ಕಾಕಾ ಮೊಬೈಲ್ ತೋರಿಸಿದರು. ಎಷ್ಟು ವಯಸ್ಸಿನ ತನಕ ಬದುಕುತ್ತೀರಿ ಅಂತ ಹೇಳುವ ಯಾವುದೋ ಆ್ಯಪ್‌ನಲ್ಲಿ ಬಿಪಿ, ಶುಗರ್, ತೂಕ, ತಂಬಾಕು ಎಲ್ಲಾ ತುಂಬಿದ್ದಾರೆ. ಉತ್ತರ ಬಂದಿದೆ: 81.

"ತಮ್ಮಾ, ರಿಟೈರ್ ಆದ ಮ್ಯಾಲ ರೊಕ್ಕ 81ರ ತನಕ ಬಂದ್ರ ಸಾಕಲ್ಲ?"

ಸಾಕಾಗಲ್ಲ ಕಾಕಾ.

ಅದು ಸರಾಸರಿ. ನಿಮ್ಮಂಥದ್ದೇ ಬಿಪಿ, ಶುಗರ್ ಇರುವ ಸಾವಿರ ಜನರನ್ನು ತಗೊಂಡರೆ ಹೆಚ್ಚುಕಮ್ಮಿ ಅರ್ಧ ಮಂದಿ ಅದನ್ನು ದಾಟುತ್ತಾರೆ. ದಾಟಿದವರು ಊಟಕ್ಕೆ ಏನು ಮಾಡಬೇಕು?

ಪೇಪರಿನಲ್ಲಿ ಬರುವ 70 ವರ್ಷದ ಆಯಸ್ಸು ಬೇರೆಯೇ ಲೆಕ್ಕ. ಅದು ಈಗ ಹುಟ್ಟಿದ ಮಗುವಿನದು, ಚಿಕ್ಕ ವಯಸ್ಸಿನ ಸಾವುಗಳೂ ಅದರಲ್ಲಿ ಸೇರಿರುತ್ತವೆ. 60 ಮುಟ್ಟಿದವರಿಗೆ ನಮ್ಮ ದೇಶದಲ್ಲಿ ಸರಾಸರಿ ಇನ್ನೂ ಸುಮಾರು 18 ವರ್ಷ ಇದೆ.

ವಯಸ್ಸಾದಂತೆ ಸಾವಿನ ಸಾಧ್ಯತೆ ಚಕ್ರಬಡ್ಡಿಯಂತೆ ಏರುತ್ತದೆ ಅಂತ ಬ್ರಿಟನ್ನಿನ ಗಣಿತಜ್ಞ ಬೆಂಜಮಿನ್ ಗಾಂಪರ್ಟ್ಜ್ 1825ರಲ್ಲೇ ತೋರಿಸಿದ್ದರು. ಬಿಪಿ, ಶುಗರ್ ಆ ಏರಿಕೆಯ ಗೆರೆಯನ್ನು ಸ್ವಲ್ಪ ಮೇಲೆ ಕೆಳಗೆ ಮಾಡುತ್ತವೆ. ತಾರೀಖು ಮಾತ್ರ ಹೇಳಲ್ಲ.

ಬ್ರಿಟನ್ನಿನಲ್ಲಿ ಸಿಗರೇಟು ಸೇದುವವರಿಗೆ, ಕಾಯಿಲೆ ಇರುವವರಿಗೆ ಅದೇ ದುಡ್ಡಿಗೆ ಜಾಸ್ತಿ ಪಿಂಚಣಿ ಕೊಡುವ ಆನ್ಯುಯಿಟಿಗಳಿವೆ (ಒಮ್ಮೆ ದುಡ್ಡು ಕಟ್ಟಿದರೆ ಬದುಕಿರುವ ತನಕ ಪಿಂಚಣಿ ಬರುವ ಯೋಜನೆ). ಬೇಗ ಹೋಗ್ತಾರೆ ಅನ್ನೋ ಲೆಕ್ಕ! ಕಾಕಾಗೆ ಹೇಳಿದೆ. ಜೇಬಿನ ತಂಬಾಕು ಮುಟ್ಟಿ ನೋಡಿಕೊಂಡು "ಚಲೋ ದೇಶ ಬಿಡು" ಅಂದರು.

ನಾನಾದರೆ 95ರ ತನಕ ಲೆಕ್ಕ ಹಾಕುತ್ತೇನೆ. ಅದೂ ಕಾಕೂ ವಯಸ್ಸು ಹಿಡಿದು. ಅವರು ಕಾಕಾಗಿಂತ ಆರು ವರ್ಷ ಚಿಕ್ಕವರು, ಸಾಮಾನ್ಯವಾಗಿ ಹೆಂಗಸರ ಆಯಸ್ಸೂ ಜಾಸ್ತಿ. ಮನೆ ಖರ್ಚು ಇಬ್ಬರದ್ದೂ ಅಲ್ವಾ? ಆ ಆ್ಯಪ್ ಕಾಕೂ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ ನೋಡಿ.