ಒಳಗಿನ ಅರಿವು ಸಾಕಾಗಿರುವಾಗ ಭಾಷ್ಯಗಳೇಕೆ?

ಉಪನಿಷತ್ತಿನ ಪಾಠ ಮುಗಿದ ಮೇಲೆ ಯಾರಾದರೊಬ್ಬರು ನನ್ನನ್ನು ಕೇಳಿಯೇ ಕೇಳುತ್ತಾರೆ: ‘ರಮಣ ಮಹರ್ಷಿಗಳು ಯಾವ ಶಾಸ್ತ್ರ ಓದಿ ಜ್ಞಾನಿಗಳಾದರು? ಒಳಗಿನ ಅರಿವೇ ಸಾಕಾಗಿರುವಾಗ ಈ ಭಾಷ್ಯಗಳೆಲ್ಲ ಏಕೆ?’

ಓದದೆಯೇ ಅವರಿಗೆ ಅರಿವಾಯಿತು ಎಂಬುದು ನಿಜ. 1896ರ ಜುಲೈಯಲ್ಲಿ, ಮಧುರೆಯ ಮನೆಯಲ್ಲಿ ಸಾವಿನ ಭಯ ಹಠಾತ್ತನೆ ಆವರಿಸಿದಾಗ, ಮುಂದೆ ರಮಣರೆನಿಸಿದ ಹದಿನಾರರ ಹುಡುಗ ವೆಂಕಟರಾಮನ್ ಹೆಣದಂತೆ ಕೈಕಾಲು ಸೆಟೆದು ಮಲಗಿ, ಸಾಯುತ್ತಿರುವುದು ಯಾವುದು ಎಂದು ತನ್ನೊಳಗೇ ನೋಡಿದನು. ಆಗ ಅವನು ವೇದಾಂತದ ಒಂದು ಗ್ರಂಥವನ್ನೂ ಓದಿರಲಿಲ್ಲ.

ಆದರೆ ಮುಂದಿನದನ್ನು ನಾವು ಮರೆತುಬಿಡುತ್ತೇವೆ. ತಿರುವಣ್ಣಾಮಲೈಯಲ್ಲಿ ಅವರ ಸೇವೆಗೆ ನಿಂತ ಪಳನಿಸ್ವಾಮಿ ಮಲಯಾಳಿಯಾಗಿದ್ದು, ವೇದಾಂತದ ತಮಿಳು ಪುಸ್ತಕಗಳನ್ನು ತಂದು ಓದಲು ತಿಣುಕುತ್ತಿದ್ದರು. ಅವರ ಕಷ್ಟವನ್ನು ಕಂಡು ರಮಣರು ಪುಸ್ತಕವನ್ನು ತಾವೇ ಓದಿ, ಸಾರವನ್ನು ಹೇಳತೊಡಗಿದರು. ತಾವು ಆಗಲೇ ಕಂಡುಕೊಂಡದ್ದಕ್ಕೆ ಹಿರಿಯರು ಇಟ್ಟ ಹೆಸರುಗಳು ಅವರಿಗೆ ಸಿಕ್ಕಿದ್ದು ಹೀಗೆ. ಮುಂದೆ ಶಂಕರಾಚಾರ್ಯರದೆನ್ನುವ ವೇದಾಂತಗ್ರಂಥ ವಿವೇಕಚೂಡಾಮಣಿಯನ್ನು ತಮಿಳು ಗದ್ಯಕ್ಕೆ ತಂದವರೂ ಅವರೇ.

1907ರ ನವೆಂಬರಿನಲ್ಲಿ ಕಾವ್ಯಕಂಠ ಗಣಪತಿ ಮುನಿಗಳು ಅವರ ಬಳಿಗೆ ಬಂದರು. ಬಂಗಾಳದ ನವದ್ವೀಪದ ಪಂಡಿತಸಭೆಯಲ್ಲಿ ‘ಕಾವ್ಯಕಂಠ’ ಎಂಬ ಬಿರುದು ಪಡೆದಿದ್ದ ಈ ಸಂಸ್ಕೃತ ವಿದ್ವಾಂಸರು, ಓದಬೇಕಾದುದನ್ನೆಲ್ಲ ಓದಿದ್ದೇನೆ, ಮನದಣಿಯೆ ಜಪ ಮಾಡಿದ್ದೇನೆ, ಆದರೂ ತಪಸ್ಸೆಂದರೇನೆಂದು ತಿಳಿಯಲಿಲ್ಲ ಎಂದು ಪಾದ ಹಿಡಿದರು. ರಮಣರು ಸ್ವಲ್ಪ ಹೊತ್ತು ಮೌನವಾಗಿದ್ದು, ‘ನಾನು’ ಎಂಬುದು ಎಲ್ಲಿಂದ ಹುಟ್ಟುತ್ತದೆಯೋ ಅಲ್ಲಿ, ಮಂತ್ರದ ನಾದ ಎಲ್ಲಿಂದ ಏಳುತ್ತದೆಯೋ ಅಲ್ಲಿ ಮನಸ್ಸು ಲೀನವಾಗುವುದೇ ತಪಸ್ಸು ಎಂದರು. ಈ ಪ್ರಸಂಗವನ್ನು ಪಾಂಡಿತ್ಯದ ಸೋಲೆಂದು ಹೇಳುವವರೊಡನೆ ನನಗೆ ಸಮ್ಮತಿಯಿಲ್ಲ. ಓದಿನ ಕೊನೆಯ ಮೆಟ್ಟಿಲವರೆಗೂ ಹೋಗಿ ನಿಂತವರಿಗಷ್ಟೇ ಅಷ್ಟು ನಿಖರವಾಗಿ ತಮ್ಮ ಕೊರತೆಯನ್ನು ಹೇಳಿಕೊಳ್ಳಲು ಸಾಧ್ಯ. ಆಮೇಲೂ ಅವರು ತಮ್ಮ ಸಂಸ್ಕೃತವನ್ನು ಬಿಸಾಡಲಿಲ್ಲ. ಅದರಲ್ಲೇ ರಮಣರ ಉಪದೇಶಗಳ ‘ರಮಣಗೀತೆ’ಯನ್ನು ರಚಿಸಿದರು.

ನನ್ನ ತಂದೆ ತೀರಿಕೊಂಡ ರಾತ್ರಿ, ಗೀತೆಯ ಎರಡನೆಯ ಅಧ್ಯಾಯ ನನಗೆ ಪೂರ್ತಿ ಬಾಯಿಪಾಠವಿತ್ತು. ದೀಪದ ಎದುರು ಕುಳಿತು ಹೇಳಿದೆ. ಒಂದು ಶ್ಲೋಕವೂ ಎದೆಗೆ ಇಳಿಯಲಿಲ್ಲ. ಆದರೆ ಏನು ಇಳಿಯಬೇಕಾಗಿತ್ತು ಎಂಬುದು ಮಾತ್ರ ಆ ರಾತ್ರಿ ಸ್ಪಷ್ಟವಾಗಿ ತಿಳಿದಿತ್ತು, ಮತ್ತು ಅದು ತಿಳಿದದ್ದು ಓದಿನಿಂದಲೇ. ಆದ್ದರಿಂದಲೇ, ಕೇಳಿದವರಿಗೆ ನಾನು ಓದು ಬಿಡಿ ಎನ್ನುವುದಿಲ್ಲ.

ಈಗಲೂ ಬೆಳಗಿನ ಜಾವ ಭಾಷ್ಯದ ಒಂದು ಪುಟ ಓದಿ, ಪುಟದ ನಡುವೆ ಬೆರಳಿಟ್ಟುಕೊಂಡೇ ಕಣ್ಣು ಮುಚ್ಚುತ್ತೇನೆ. ಇದುವರೆಗೆ ಓದುತ್ತಿದ್ದ ‘ನಾನು’ ಎಲ್ಲಿಂದ ಎದ್ದಿತು ಎಂದು ಹುಡುಕಹೊರಟರೆ, ಮನಸ್ಸು ಭಾಷ್ಯದ ವಾಕ್ಯವೊಂದನ್ನೇ ಉತ್ತರವೆಂದು ಒಪ್ಪಿಸುತ್ತದೆ. ಅದನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಹುಡುಕುತ್ತೇನೆ.